ಮನೆ ಮುಂದಿನ ಚಪ್ಪಡಿ ಯಾರದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ಊರುಗಳ ಪೈಕಿ ಒಂದರಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರು ಇಶಾ ನಮಾಝ್ ಮುಗಿಸಿ ಮನೆಗೆ ಹೊರಟಿದ್ದರು. ಬೀದಿ ದೀಪ ಇರಲಿಲ್ಲ. ಅಂಗಡಿಯೊಂದರ ಮುಂದೆ ಮೋರಿಯ ಮೇಲೆ ಹಾಸಿದ್ದ ಚಪ್ಪಡಿ ಮುರಿದು ತಿಂಗಳುಗಳೇ ಆಗಿದ್ದವು. ಕಾಲು ಒಳಗೆ ಹೋಯಿತು, ಸೊಂಟದ ಮೂಳೆ ಮುರಿಯಿತು. ಅನಂತರ ಅವರು ಮಸೀದಿಗೆ ನಡೆದು ಬರಲಿಲ್ಲ. ಊರಿನ ಹೆಸರನ್ನು ನಾವು ಹೇಳುವುದಿಲ್ಲ, ಏಕೆಂದರೆ ಯಾವ ಊರಿನ ಹೆಸರು ಹೇಳಿದರೂ ಓದುಗರು ನಂಬುತ್ತಾರೆ.

ನಮ್ಮನ್ನು ಕಾಡಿದ್ದು ಆಮೇಲಿನ ಮಾತುಕತೆ. ಅಂಗಡಿಯ ಮಾಲಕರು, 'ಮೋರಿ ಸರಕಾರದ್ದು, ಕಂದಾಯ ಕಟ್ಟುತ್ತಿದ್ದೇನೆ, ರಿಪೇರಿ ಅವರೇ ಮಾಡಬೇಕು' ಎಂದರು. ಕಚೇರಿಯಲ್ಲಿ ಕೇಳಿದಾಗ, 'ಚಪ್ಪಡಿ ನಾವು ಹಾಕಿದ್ದಲ್ಲ, ಸ್ಕೂಟರ್ ಹತ್ತಿಸಲು ಅವರೇ ಹಾಕಿಕೊಂಡದ್ದು' ಎಂಬ ಉತ್ತರ ಬಂತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಬ್ಬರ ಮಾತೂ ನಿಜವಾಗಿರುವಾಗ ಒಬ್ಬ ಮುದುಕರ ಮೂಳೆ ಹೇಗೆ ಮುರಿಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಅದರ ಹಿಂದೆ ಸಣ್ಣದಲ್ಲದ ಚರಿತ್ರೆಯೊಂದು ಇದೆ ಎಂಬುದು ನಮಗೆ ತಿಳಿಯಿತು.

ಹಳೆ ಮೈಸೂರಿನ ಪೇಟೆ ಬೀದಿಗಳಲ್ಲಿ ಫುಟ್‌ಪಾತ್ ಎಂಬ ವಸ್ತುವೇ ಇರಲಿಲ್ಲ. ಇದ್ದದ್ದು ಜಗಲಿ. ಮನೆಯ ಗೋಡೆಗೆ ಹೊಂದಿಕೊಂಡು ಕಲ್ಲಿನದೋ ಮಣ್ಣಿನದೋ ಕಟ್ಟೆ, ಅದರ ಕೆಳಗೆ ಮೋರಿ, ಮೋರಿ ದಾಟಲು ಒಂದು ಚಪ್ಪಡಿ, ಅದರಾಚೆ ಬೀದಿ. ಜಗಲಿ ಮನೆಯವರದು, ಆದರೆ ದಾರಿಹೋಕ ಕುಳಿತರೆ ಏಳು ಎನ್ನುವವರಿರಲಿಲ್ಲ. ಸಾಬರ ಮನೆಯ ಚಬೂತರವೂ ಹಾಗೆಯೇ, ಶೆಟ್ಟರ ಮನೆಯ ಜಗಲಿಯೂ ಹಾಗೆಯೇ. ಬೆಳಗಾದರೆ ಮನೆಯವರು ತಮ್ಮ ಬಾಗಿಲ ಮುಂದಿನಷ್ಟು ಬೀದಿಯನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದರು. ಹಿಂದೂ ಮನೆಗಳ ಮುಂದೆ ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದರು. ಯಾರೂ ಬರೆದಿಡದ ಕಾನೂನು ಅದು: ನಿನ್ನ ಬಾಗಿಲಿನ ಅಗಲದಷ್ಟು ಬೀದಿ ನಿನ್ನ ಹೊಣೆ.

ಈ ಚಿತ್ರವನ್ನು ನೆನೆದು 'ಎಂಥ ಕಾಲ ಅದು' ಎಂದು ನಿಟ್ಟುಸಿರು ಬಿಡುವವರು ಬಹಳ. ನಾವು ಅಷ್ಟು ಬೇಗ ನಿಟ್ಟುಸಿರು ಬಿಡಲಾರೆವು. ಮನೆಯವರ ಹೊಣೆ ಮೋರಿಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಮೋರಿಯೊಳಗೆ ಇಳಿಯುವ ಕೆಲಸ ಬೇರೆಯವರ ಹುಟ್ಟಿಗೆ ಅಂಟಿಸಿದ್ದಾಗಿತ್ತು. ಹಳ್ಳಿಯಲ್ಲಿ ತೋಟಿ, ಪೇಟೆಯಲ್ಲಿ ಜಲಗಾರ. ರಂಗೋಲಿ ಇಟ್ಟ ಕೈ ಬೇರೆ, ಮೋರಿ ಬಳಿದ ಕೈ ಬೇರೆ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಹಟ ಹಿಡಿಯಬೇಕಾಯಿತು. ಆದುದರಿಂದ ಬೀದಿಯ ಹೊಣೆಯನ್ನು ಮತ್ತೆ ಮನೆಯವರಿಗೇ ಒಪ್ಪಿಸೋಣ ಎಂದು ಯಾರಾದರೂ ಹೇಳಿದರೆ, 'ಮನೆಯವರು ಎಂದರೆ ನಿಜವಾಗಿ ಯಾರು?' ಎಂದು ಮೊದಲು ಕೇಳಬೇಕಾಗುತ್ತದೆ.

ಮನೆ ಮುಂದಿನ ಬೀದಿ ಮನೆಯವರ ಹೊಣೆ ಎಂಬುದು ನಮ್ಮ ದೇಶದ ವಿಶೇಷವೇನೂ ಅಲ್ಲ. ಲಂಡನ್ ನಗರದಲ್ಲಿ 18ನೇ ಶತಮಾನದ ನಡುವಿನವರೆಗೂ ಅದೇ ಪದ್ಧತಿಯಿತ್ತು. ಪ್ರತಿ ಗೃಹಸ್ಥನೂ ತನ್ನ ಮನೆಯ ಗೋಡೆಯಿಂದ ಬೀದಿಯ ನಡುವಿನ ಕಾಲುವೆಯವರೆಗೆ ಕಲ್ಲು ಹಾಸಬೇಕಿತ್ತು. ಫಲ ಏನಾಯಿತು? ಶ್ರೀಮಂತನ ಮನೆ ಮುಂದೆ ನಯವಾದ ಕಲ್ಲು, ಪಕ್ಕದ ಬಡವನ ಮನೆ ಮುಂದೆ ಗುಂಡಿ, ಅದರಾಚೆ ಇನ್ನೊಬ್ಬ ಅರ್ಧ ಅಡಿ ಎತ್ತರಿಸಿ ಹಾಸಿದ ಮೆಟ್ಟಿಲು. ನಡೆಯುವವನ ಕಾಲಿಗೆ ಮಾತ್ರ ನೆಮ್ಮದಿಯಿಲ್ಲ. ಕೊನೆಗೆ 1762ರಲ್ಲಿ ವೆಸ್ಟ್‌ಮಿನ್‌ಸ್ಟರ್ ಭಾಗಕ್ಕೆ ಒಂದು ಶಾಸನ ಬಂತು. ಮನೆಯವರ ಕೈಯಿಂದ ಕೆಲಸ ಕಿತ್ತು ಆಯುಕ್ತರ ಮಂಡಲಿಗೆ ಒಪ್ಪಿಸಲಾಯಿತು. ಮನೆಯವರು ಅದಕ್ಕೆ ಬದಲಾಗಿ ತೆರಿಗೆ ಕೊಡಬೇಕಾಯಿತು. ದುಡಿಮೆಯ ಹೊಣೆ ಹಣದ ಹೊಣೆಯಾಯಿತು. ಬೀದಿಯ ಎರಡೂ ಬದಿಯಲ್ಲಿ ಒಂದೇ ಮಟ್ಟದ ಕಾಲುದಾರಿಗಳು ಹುಟ್ಟಿಕೊಂಡವು. ಇಂದು ನಾವು ಫುಟ್‌ಪಾತ್ ಎನ್ನುವುದು ಬಹುಮಟ್ಟಿಗೆ ಈ ಕೊಡುಕೊಳ್ಳುವಿಕೆಯ ಕೂಸು.

ಈ ಕೂಸು ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. 1850ರ ಪಟ್ಟಣ ಸುಧಾರಣಾ ಕಾಯಿದೆಯು, ಊರಿನವರು ಬೇಡಿಕೆ ಸಲ್ಲಿಸಿದರೆ ಬೀದಿ, ಚರಂಡಿಗಳ ನಿರ್ಮಾಣ ಮತ್ತು ರಿಪೇರಿಗಾಗಿ ಸಮಿತಿಯೊಂದನ್ನು ನೇಮಿಸಲು ಅವಕಾಶ ಕೊಟ್ಟಿತು. ಬೆಂಗಳೂರು ಪೇಟೆಗೆ 1862ರಲ್ಲಿ ಪುರಸಭೆ ಬಂದದ್ದು ಈ ಕಾಯಿದೆಯ ಅಡಿಯಲ್ಲಿಯೇ. ಕ್ರಮೇಣ ತಾಲೂಕು ಊರುಗಳಿಗೂ ಪುರಸಭೆಗಳು ಬಂದವು. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಟಿಪ್ಪು ಸುಲ್ತಾನರ ಕಾಲದಲ್ಲಿ ಶಮ್ಸೇರಾಬಾದ್ ಆಗಿದ್ದ ಊರು 1799ರ ನಂತರ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಎಂಬವನ ಹೆಸರು ಹೊತ್ತಿತ್ತು. ಕೆಂಗಲ್ ಹನುಮಂತಯ್ಯನವರಿಂದಾಗಿ ರಾಮನಗರವಾಯಿತು. ಕನಕಪುರ ಆಗ ಕಾನಕಾನಹಳ್ಳಿ. ಹೆಸರುಗಳನ್ನು ಬದಲಿಸುವುದರಲ್ಲಿ ಈ ಸೀಮೆ ಯಾರಿಗೂ ಕಡಿಮೆಯಿಲ್ಲ. 2007ರ ಆಗಸ್ಟ್‌ನಲ್ಲಿ ಈ ನಾಲ್ಕು ತಾಲೂಕುಗಳನ್ನು ಸೇರಿಸಿ ರಾಮನಗರ ಜಿಲ್ಲೆ ಮಾಡಿದರು, 2025ರಲ್ಲಿ ಅದನ್ನು ಬೆಂಗಳೂರು ದಕ್ಷಿಣ ಎಂದು ಕರೆದರು. ಮೋರಿಯ ಮೇಲಿನ ಚಪ್ಪಡಿ ಮಾತ್ರ ಎಲ್ಲ ಹೆಸರುಗಳ ಕಾಲದಲ್ಲೂ ಅಲುಗಾಡುತ್ತಲೇ ಇತ್ತು.

ಚನ್ನಪಟ್ಟಣದ ಬಗ್ಗೆ ಒಂದು ಮಾತು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಕೋಟೆಯ ಆಚೆಗಿನ ಅಲ್ಲಿಯ ಪೇಟೆಯಲ್ಲಿ ಲಬ್ಬೆಗಳು, ದಾಯಿರಾದವರು ದೊಡ್ಡ ಸಂಖ್ಯೆಯಲ್ಲಿದ್ದು ಪಶ್ಚಿಮ ಕರಾವಳಿಯೊಂದಿಗೆ ವ್ಯಾಪಾರ ನಡೆಸುತ್ತಿದ್ದುದನ್ನು ಬಿ.ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಅರಗಿನ ಬಣ್ಣದ ಗೊಂಬೆ, ಗಾಜಿನ ಬಳೆ, ವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿ ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಅಂಥ ಊರಿನಲ್ಲಿ ಮನೆಯೇ ಕಾರ್ಖಾನೆ, ಜಗಲಿಯೇ ಅಂಗಡಿ. ಹಾಲೆ ಮರದ ತುಂಡುಗಳನ್ನು ಒಣಗಲು ಇಡುವುದು ಬೀದಿಯಲ್ಲೇ. ರಾಮನಗರದ ಮೊಹಲ್ಲಾಗಳಲ್ಲಿ ರೇಷ್ಮೆ ನೂಲು ತೆಗೆಯುವವರ ಕತೆಯೂ ಬೇರೆಯಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆಯಿಂದ ಗೂಡು ತಂದು, ಸಣ್ಣ ಮನೆಯಲ್ಲಿ ಬೇಯಿಸಿ, ಬಿಸಿನೀರನ್ನು ಮುಂದಿನ ಮೋರಿಗೆ ಬಿಡುವ ಕುಟುಂಬಗಳು ಅವು. ಇವರಿಗೆ ಮನೆ ಮುಂದಿನ ಐದಾರು ಅಡಿ ಜಾಗ ಐಷಾರಾಮವಲ್ಲ, ಅನ್ನದ ದಾರಿ. ಬೀದಿಯ ಹೊಣೆಯ ಮಾತನಾಡುವಾಗ ಇವರು ನಮ್ಮ ಕಣ್ಣ ಮುಂದೆ ಇರಬೇಕು.

ಈಗ ಕಾನೂನಿನ ಮಾತಿಗೆ ಬರೋಣ. ಸ್ವಾತಂತ್ರ್ಯಾನಂತರ 1951ರಲ್ಲಿ ಮೈಸೂರು ಪಟ್ಟಣ ಪುರಸಭೆಗಳ ಕಾಯಿದೆ ಬಂತು. ರಾಜ್ಯ ಏಕೀಕರಣವಾದ ಮೇಲೆ ಅದರ ಜಾಗದಲ್ಲಿ 1964ರ ಪುರಸಭೆಗಳ ಕಾಯಿದೆ ಬಂತು. ಈ ನಾಲ್ಕೂ ಊರುಗಳನ್ನು ಆಳುತ್ತಾ ಬಂದಿರುವುದು ಅದೇ. ಆ ಕಾಯಿದೆಯ 87ನೇ ಕಲಮು ಪುರಸಭೆಯ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ. ಸಾರ್ವಜನಿಕ ಬೀದಿಗಳ ನಿರ್ಮಾಣ, ರಕ್ಷಣೆ, ಚರಂಡಿ, ದೀಪ, ಗುಡಿಸುವುದು ಎಲ್ಲ ಅದರಲ್ಲಿವೆ. ಸಾರ್ವಜನಿಕ ಬೀದಿ, ಅದರ ಹಾಸುಗಲ್ಲು ಸಹಿತ, ಪುರಸಭೆಯ ಸ್ವಾಧೀನ. ಮನೆಯ ಮಾಲಕನಿಗೆ ಈ ಕಾನೂನು ಹೇಳುವುದು ಮುಖ್ಯವಾಗಿ 'ಮಾಡಬೇಡ' ಎಂಬ ಮಾತುಗಳನ್ನು. ಮೆಟ್ಟಿಲು ಚಾಚಬೇಡ, ಅನುಮತಿಯಿಲ್ಲದೆ ಮೋರಿ ಮುಚ್ಚಬೇಡ, ಬೀದಿಯನ್ನು ಅಡ್ಡಗಟ್ಟಬೇಡ. 'ಮಾಡು' ಎನ್ನುವುದು ಖಾಸಗಿ ಬೀದಿಯ ವಿಷಯದಲ್ಲಿ ಮಾತ್ರ. ಜಮೀನು ತುಂಡು ಮಾಡಿ ಸೈಟು ಮಾರಿದವರು, ಆ ಬೀದಿಗೆ ಮುಖ ಮಾಡಿದ ಮಾಲಕರು ಅದನ್ನು ಸಮ ಮಾಡಿ, ಕಲ್ಲು ಹಾಕಿ, ಚರಂಡಿ ಕಟ್ಟಿ ಒಪ್ಪಿಸಬೇಕು. ಒಮ್ಮೆ ಅದು ಸಾರ್ವಜನಿಕ ಬೀದಿ ಎಂದು ಘೋಷಣೆಯಾದರೆ ಮುಂದಿನ ರಿಪೇರಿ ಪುರಸಭೆಯದು. ಇಂಗ್ಲೆಂಡಿನಿಂದ ಬಂದ ವಿಚಾರವಿದು, ನ್ಯಾಯವಾದ ವಿಚಾರವೂ ಹೌದು.

ಆದರೆ ಇದರ ಅರ್ಧ ಮಾತ್ರ ಇಲ್ಲಿ ಬೇರು ಬಿಟ್ಟಿತು. ಹೊಣೆ ಮನೆಯವರಿಂದ ಪುರಸಭೆಗೆ ಹೋಯಿತು, ಕಾಲುದಾರಿ ಮಾತ್ರ ಕಟ್ಟಲ್ಪಡಲೇ ಇಲ್ಲ. ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕ ಸಣ್ಣ ಪುರಸಭೆಗಳಿಗೆ ದೊಡ್ಡ ಆಧಾರವಾಗಿತ್ತು. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿತು. ಅಂದಿನಿಂದ ಊರುಗಳು ತಮ್ಮ ಮೋರಿಗೂ ಬೆಂಗಳೂರಿನ ಕಡೆಗೆ ಕೈಚಾಚುವಂತಾಯಿತು. ಮನೆಕಂದಾಯವನ್ನು ಮಾಲಕರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ 2000ದ ದಶಕದ ಆರಂಭದಲ್ಲಿ ಬಂದರೂ, ಕಟ್ಟಿದ ಹಣದಲ್ಲಿ ತನ್ನ ಮನೆ ಮುಂದೆ ಏನಾಯಿತು ಎಂದು ಮಾಲಕನಿಗೆ ಕಾಣಿಸುವುದಿಲ್ಲ. ಕಾಣಿಸದ್ದಕ್ಕೆ ಅವನು ಕಟ್ಟುವುದೂ ಇಲ್ಲ. ಹೀಗೆ ಹಳೆಯ ರೂಢಿಯ ಹೊಣೆ ಕಳಚಿತು, ಹೊಸ ಕಾನೂನಿನ ಹೊಣೆ ನೆಲಕ್ಕಿಳಿಯಲಿಲ್ಲ. ನಡುವೆ ಉಳಿದದ್ದು ಒಂದೇ: 'ಮನೆ ಮುಂದಿನ ಜಾಗ ನನ್ನದು' ಎಂಬ ಭಾವನೆ. ಹೊಣೆ ಹೋದ ಮೇಲೂ ಹಕ್ಕು ಹೋಗಲಿಲ್ಲ. ಮಾಲಕನು ಚಪ್ಪಡಿ ಹಾಕುವುದು ನಡೆಯುವವನಿಗಾಗಿ ಅಲ್ಲ, ತನ್ನ ಬೈಕಿಗಾಗಿ, ಅಂಗಡಿಯ ಫಲಕಕ್ಕಾಗಿ, ಸಿಮೆಂಟಿನ ಇಳಿಜಾರಿಗಾಗಿ. ಅವು ಒಂದೊಂದು ಮನೆಗೆ ಒಂದೊಂದು ಎತ್ತರ. 1762ಕ್ಕೆ ಮುಂಚಿನ ಲಂಡನ್ ನೋಡಬೇಕಾದವರು ಟಿಕೆಟ್ ತೆಗೆಯಬೇಕಾಗಿಲ್ಲ, ನಮ್ಮ ಹಳೇ ಬಸ್ ನಿಲ್ದಾಣದ ರಸ್ತೆಗಳಲ್ಲಿ ಒಮ್ಮೆ ನಡೆದರೆ ಸಾಕು.

ಬೀದಿಯ ಅಂಚು ಯಾರದೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆಗಿನ ಉತ್ತರ ಪ್ರದೇಶದ ಮಂಗಲೌರ್ ಎಂಬ ಸಣ್ಣ ಊರಿನ ಪುರಸಭೆ ರಸ್ತೆಯ ಪಕ್ಕದ ಖಾಲಿ ಜಾಗದಲ್ಲಿ ಗಾಂಧೀಜಿಯ ಪ್ರತಿಮೆ, ಗ್ರಂಥಾಲಯ ಮುಂತಾದುವನ್ನು ಕಟ್ಟಲು ಹೊರಟಿತು. ಜಾಗ ದೇವಸ್ಥಾನದ್ದೆಂಬ ತಕರಾರು ಬಂತು. ತೀರ್ಪು ಬಂದಾಗ ನ್ಯಾಯಾಲಯ ಹೇಳಿದ ಸಾರ ಇಷ್ಟು: ಡಾಂಬರಿನ ಪಟ್ಟಿ ಮಾತ್ರ ಬೀದಿಯಲ್ಲ, ಪಕ್ಕದ ಚರಂಡಿ, ಅಂಚಿನ ಜಾಗವೂ ಬೀದಿಯೇ. ಅದು ಪುರಸಭೆಯ ವಶದಲ್ಲಿರುವುದು ಬೀದಿಯಾಗಿ ಕಾಪಾಡುವುದಕ್ಕಾಗಿ. ನಡೆಯುವುದಕ್ಕೆ ಸಂಬಂಧವಿಲ್ಲದ ಕಟ್ಟಡವನ್ನು, ಅದು ಎಷ್ಟೇ ಒಳ್ಳೆಯ ಉದ್ದೇಶದ್ದಾಗಿದ್ದರೂ, ಪುರಸಭೆಯೇ ಅಲ್ಲಿ ಕಟ್ಟಬಾರದು.

ಈ ತೀರ್ಪನ್ನು ಓದಿದಾಗ ನಮಗೆ ಒಂಬೈನೂರು ವರ್ಷ ಹಿಂದಿನ ಇನ್ನೊಂದು ಬರಹ ನೆನಪಾಯಿತು. ಬಗ್ದಾದಿನ ನ್ಯಾಯಾಧೀಶ ಅಲ್ ಮಾವರ್ದಿ 1058ರಲ್ಲಿ ತೀರಿಕೊಂಡವರು. ಆಡಳಿತದ ಬಗ್ಗೆ ಅವರು ಬರೆದ 'ಅಲ್ ಅಹ್ಕಾಮುಸ್ಸುಲ್ತಾನಿಯ್ಯ' ಎಂಬ ಗ್ರಂಥದಲ್ಲಿ ಪೇಟೆ ಬೀದಿಗಳನ್ನು ನೋಡಿಕೊಳ್ಳುವ ಮುಹ್ತಸಿಬ್ ಎಂಬ ಅಧಿಕಾರಿಯ ಕರ್ತವ್ಯಗಳ ವಿವರವಿದೆ. ದಾರಿಯಲ್ಲಿ ಯಾರಾದರೂ ಕಟ್ಟಿದರೆ, ದಾರಿ ಎಷ್ಟೇ ಅಗಲವಾಗಿದ್ದರೂ, ಅದನ್ನು ಕೆಡವಿಸಬೇಕು. ಕಟ್ಟಿದ್ದು ಮಸೀದಿಯಾಗಿದ್ದರೂ ಸರಿ. ಏಕೆಂದರೆ ದಾರಿ ಇರುವುದು ನಡೆಯುವುದಕ್ಕೆ, ಕಟ್ಟುವುದಕ್ಕಲ್ಲ ಎಂಬುದು ಅವರ ವಾದ. ಈ ವಾಕ್ಯವನ್ನು ನಮ್ಮ ಮಸೀದಿ ಸಮಿತಿಗಳು ತಮ್ಮ ಕಚೇರಿಯ ಗೋಡೆಗೆ ಅಂಟಿಸಿಕೊಳ್ಳಬಹುದು. ವುಝೂ ಮಾಡುವ ನಲ್ಲಿಯ ಕಟ್ಟೆಯನ್ನು ಬೀದಿಗೆ ಚಾಚಿದವರು, ಚಪ್ಪಲಿ ಗೂಡನ್ನು ಮೋರಿಯ ಮೇಲೆ ಕಟ್ಟಿದವರು, ಮಳಿಗೆಗಳ ಬಾಡಿಗೆಗಾಗಿ ಮೆಟ್ಟಿಲು ಮುಂದಕ್ಕೆ ತಂದವರು ನಮ್ಮಲ್ಲೂ ಇದ್ದಾರೆ. ದೇವಸ್ಥಾನದ ಗೋಡೆ ಮುಂದೆ ಬಂದಿದೆ, ನಾವು ಮಾತ್ರ ಯಾಕೆ ಹಿಂದೆ ಸರಿಯಬೇಕು ಎಂಬ ಉತ್ತರ ನಮಗೆ ಚೆನ್ನಾಗಿ ಗೊತ್ತು. ಮಾವರ್ದಿಯವರಿಗೆ ಆ ಉತ್ತರ ಸಾಲುತ್ತಿರಲಿಲ್ಲ.

ಫಿಕ್‌ಹಿನಲ್ಲಿ ಮನೆ ಮುಂದಿನ ಜಾಗಕ್ಕೆ 'ಫಿನಾ' ಎಂಬ ಹೆಸರೇ ಇದೆ. ಮಾಲಿಕೀ ವಿದ್ವಾಂಸರು ಈ ಬಗ್ಗೆ ಬಹಳ ಬರೆದಿದ್ದಾರೆ. 14ನೇ ಶತಮಾನದಲ್ಲಿ ಟ್ಯುನಿಸ್ ನಗರದಲ್ಲಿದ್ದ ಇಬ್ನುರ್ರಾಮಿ ಎಂಬವರು ವೃತ್ತಿಯಿಂದ ಗಾರೆ ಕೆಲಸದವರು, ನ್ಯಾಯಾಲಯಕ್ಕೆ ಕಟ್ಟಡಗಳ ವ್ಯಾಜ್ಯದಲ್ಲಿ ಸಲಹೆಗಾರರು. ಅವರು ಕಟ್ಟಡಗಳ ನಿಯಮದ ಬಗ್ಗೆ ಒಂದು ಪೂರ್ತಿ ಗ್ರಂಥ ಬರೆದರು. ಗಾರೆ ಕೆಲಸದವನು ಕಾನೂನು ಗ್ರಂಥ ಬರೆದ ಸಮಾಜ ಎಂಥದಿರಬೇಕು! ಫಿನಾದ ತತ್ವ ಸರಳ. ಮನೆಯವನು ಆ ಜಾಗವನ್ನು ಬಳಸಬಹುದು, ಹೊರೆ ಇಳಿಸಬಹುದು, ಪ್ರಾಣಿ ಕಟ್ಟಬಹುದು, ಆದರೆ ದಾರಿಹೋಕನಿಗೆ ತೊಂದರೆಯಾದ ಕ್ಷಣಕ್ಕೆ ಅವನ ಹಕ್ಕು ಮುಗಿಯುತ್ತದೆ. ತೆರೆದ ಬೀದಿಗೂ ಒಂದು ಕಡೆ ಮುಚ್ಚಿದ ಓಣಿಗೂ ವ್ಯತ್ಯಾಸವನ್ನು ಹೇಳಿದ್ದಾರೆ. ತೆರೆದ ಬೀದಿ ಎಲ್ಲರದು. ಮುಚ್ಚಿದ ಓಣಿ ಅದಕ್ಕೆ ಬಾಗಿಲಿಟ್ಟವರ ಜಂಟಿ ಸೊತ್ತು, ಅದರ ರಿಪೇರಿಯೂ ಅವರ ಜಂಟಿ ಹೊಣೆ. ಇಂದಿನ ನಮ್ಮ ಕಾಯಿದೆಯ ಖಾಸಗಿ ಬೀದಿ, ಸಾರ್ವಜನಿಕ ಬೀದಿ ಎಂಬ ವಿಂಗಡಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮದ್ರಸದ ಮಕ್ಕಳೂ ಬಲ್ಲರು. ದೂರದ ಇರಾಕಿನಲ್ಲಿ ಹೇಸರಗತ್ತೆಯೊಂದು ಎಡವಿದರೂ, ದಾರಿಯನ್ನು ಯಾಕೆ ಸರಿಪಡಿಸಲಿಲ್ಲವೆಂದು ನನ್ನನ್ನು ಕೇಳಲಾದೀತು ಎಂದು ಖಲೀಫಾ ಉಮರ್(ರ) ಅಂಜುತ್ತಿದ್ದರಂತೆ. ಜುಮುಅ ಖುತ್ಬಾಗಳಲ್ಲಿ ಇದನ್ನು ಎಷ್ಟು ಬಾರಿ ಕೇಳಿದ್ದೇವೆ! ಕೇಳಿ, ತಲೆದೂಗಿ, ಹೊರಗೆ ಬಂದು, ಮುರಿದ ಚಪ್ಪಡಿಯನ್ನು ಹುಷಾರಾಗಿ ದಾಟಿ ಮನೆಗೆ ಹೋಗಿ ಊಟ ಮಾಡಿದ್ದೇವೆ.

ಆದರೆ ಖಜಾನೆ ಬರಿದಾಗಿದ್ದರೆ? ಪುರಸಭೆಯವರ ನೆಚ್ಚಿನ ಉತ್ತರ ಅದೇ ತಾನೆ. ಮಾವರ್ದಿ ಈ ಪ್ರಶ್ನೆಯನ್ನೂ ಬಿಟ್ಟಿಲ್ಲ. ಊರಿನ ನೀರು ನಿಂತರೆ, ಗೋಡೆ ಕುಸಿದರೆ, ದಾರಿಹೋಕರಿಗೆ ಕಷ್ಟವಾದರೆ, ಖಜಾನೆಯಲ್ಲಿ ಹಣವಿದ್ದಾಗ ಖರ್ಚು ಖಜಾನೆಯದು. ಇಲ್ಲದಿದ್ದಾಗ ಊರಿನಲ್ಲಿ ಅನುಕೂಲವಿರುವವರೆಲ್ಲರ ಮೇಲೆ ಒಟ್ಟಾಗಿ ಬೀಳುತ್ತದೆ, ಯಾರೊಬ್ಬನನ್ನೂ ಬೆರಳಿಟ್ಟು ನೀನೇ ಮಾಡು ಎನ್ನುವಂತಿಲ್ಲ. ಈ ಕೊನೆಯ ಮಾತು ನಮಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಹೊಣೆ ಅನುಕೂಲವಿರುವವರದು, ಮತ್ತು ಒಟ್ಟಿಗೆ. ಗುಂಡಿ ಯಾರ ಬಾಗಿಲ ಮುಂದೆ ಬಿದ್ದಿತೋ ಅವನದಲ್ಲ.

ಇದಕ್ಕೆ ತೀರಾ ಬೇರೆಯ ದಾರಿ ಹಿಡಿದವರು ಅಮೆರಿಕದವರು. ಅಲ್ಲಿಯ ಅನೇಕ ನಗರಗಳಲ್ಲಿ ಕಾಲುದಾರಿ ನಗರದ್ದೇ ಆದರೂ ರಿಪೇರಿ ಪಕ್ಕದ ಮನೆಯ ಮಾಲಕನದು. ನ್ಯೂಯಾರ್ಕ್ ನಗರವು 2003ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕೆಟ್ಟ ಕಾಲುದಾರಿಯಲ್ಲಿ ಬಿದ್ದವನಿಗೆ ಪರಿಹಾರ ಕೊಡುವ ಹೊಣೆಯನ್ನೂ ಮಾಲಕನ ತಲೆಗೆ ಕಟ್ಟಿತು. ಆದರೆ ಗಮನಿಸಿ, ತಾವೇ ವಾಸವಿರುವ ಒಂದು, ಎರಡು, ಮೂರು ಸಂಸಾರದ ಮನೆಗಳಿಗೆ ಈ ಪರಿಹಾರದ ಹೊಣೆಯಿಂದ ವಿನಾಯಿತಿ ಕೊಟ್ಟಿತು. ದೊಡ್ಡ ಕಟ್ಟಡದವನೂ ಸಣ್ಣ ಮನೆಯವನೂ ಒಂದೇ ಅಲ್ಲ ಎಂಬಷ್ಟು ವಿವೇಕ ಅಲ್ಲಿ ಉಳಿದಿತ್ತು. ಲಾಸ್ ಏಂಜಲೀಸ್ ನಗರದ್ದು ಇನ್ನೂ ಸ್ವಾರಸ್ಯದ ಕತೆ. ಮಾಲಕರದ್ದಾಗಿದ್ದ ಹೊಣೆಯನ್ನು, ಮರದ ಬೇರಿನಿಂದ ಕಲ್ಲು ಎದ್ದಲ್ಲೆಲ್ಲ, 1970ರ ದಶಕದಲ್ಲಿ ನಗರವೇ ವಹಿಸಿಕೊಂಡಿತು. ಕೇಂದ್ರದ ಹಣ ಬರುತ್ತಿದ್ದುದರಿಂದ ಆದ ಔದಾರ್ಯವದು. ಹಣ ನಿಂತಿತು, ರಿಪೇರಿಯೂ ನಿಂತಿತು. ದಶಕಗಳ ನಂತರ ಗಾಲಿಕುರ್ಚಿಯಲ್ಲಿ ಓಡಾಡುವವರು ನ್ಯಾಯಾಲಯಕ್ಕೆ ಹೋದರು. 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡುವುದಾಗಿ ನಗರ 2015ರಲ್ಲಿ ರಾಜಿಗೆ ಒಪ್ಪಬೇಕಾಯಿತು. ಆಮೇಲೆ ಅವರು ಕಂಡುಕೊಂಡ ಉಪಾಯ ಇದು: ನಗರವೇ ಒಮ್ಮೆ ಸರಿಪಡಿಸಿ, ಮನೆಗಳಿಗೆ 20 ವರ್ಷ, ವ್ಯಾಪಾರಿ ಕಟ್ಟಡಗಳಿಗೆ 5 ವರ್ಷ ಖಾತರಿ ಕೊಟ್ಟು, ಮುಂದಿನದನ್ನು ಮಾಲಕರಿಗೆ ಬಿಡುವುದು.

ಮಾಲಕರಿಗೇ ಕೊಡಿ ಎನ್ನುವವರು ನಮ್ಮಲ್ಲೂ ಈಚೆಗೆ ಹೆಚ್ಚುತ್ತಿದ್ದಾರೆ. ಲಾಸ್ ಏಂಜಲೀಸಿನ ಈ ಕೊನೆಯ ಉಪಾಯದ ಮೊದಲ ಶಬ್ದವನ್ನು ಅವರು ಓದಬೇಕು: ಒಮ್ಮೆ ನಗರವೇ ಸರಿಪಡಿಸಿ. ಇಲ್ಲದ ಕಾಲುದಾರಿಯನ್ನು ರಿಪೇರಿ ಮಾಡು ಎಂದು ಯಾರಿಗೆ ನೋಟಿಸು ಕೊಡುವುದು? ಮಾಗಡಿಯ, ಕನಕಪುರದ ಹೊಸ ಬಡಾವಣೆಗಳನ್ನು ನೋಡಿ. ರೆವಿನ್ಯೂ ಜಮೀನಿನಲ್ಲಿ ಸೈಟು ಮಾಡಿದವನು ಹಣ ಎಣಿಸಿಕೊಂಡು ಹೋದ. ಬೀದಿ ಪುರಸಭೆಗೆ ಒಪ್ಪಿಸಲ್ಪಟ್ಟಿಲ್ಲ. ಕಾನೂನಿನ ಪ್ರಕಾರ ಅದು ಖಾಸಗಿ ಬೀದಿ, ರಿಪೇರಿ ಅಲ್ಲಿ ಮನೆ ಕಟ್ಟಿದ ಬಡಪಾಯಿಗಳದು. ಇಂಥ ಆಸ್ತಿಗಳಿಗೆ 2025ರಲ್ಲಿ ಬಿ-ಖಾತಾ ಕೊಟ್ಟು ಕಂದಾಯದ ಬಲೆಯೊಳಗೆ ತರಲು ಸರಕಾರ ಹೊರಟಿತು. ಕಂದಾಯ ತೆಗೆದುಕೊಂಡ ಮೇಲೆ ಬೀದಿಯನ್ನೂ ತೆಗೆದುಕೊಳ್ಳಬೇಕಾಗುತ್ತದೆ. 1762ರಲ್ಲಿ ಲಂಡನಿನಲ್ಲಿ ಆದ ಒಪ್ಪಂದ ಅದೇ ಅಲ್ಲವೇ?

ಹಣವಿಲ್ಲ ಎಂಬ ನೆಪಕ್ಕೆ ನಮ್ಮ ನ್ಯಾಯಾಲಯ ಎಂದೋ ಬಾಗಿಲು ಮುಚ್ಚಿದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಪ್ರಕರಣ 1980ರದು. ತೆರೆದ ಚರಂಡಿಯ ದುರ್ವಾಸನೆಯಲ್ಲಿ ಬದುಕುತ್ತಿದ್ದ ಒಂದು ಬೀದಿಯ ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಪುರಸಭೆ ತನ್ನ ಬಡತನ ಹೇಳಿಕೊಂಡು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಡ್ಡಾಯ ಕರ್ತವ್ಯಕ್ಕೆ ಬಡತನ ನೆಪವಾಗದು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತರು. ಗಮನಿಸಬೇಕಾದುದೆಂದರೆ, ಮೊಕದ್ದಮೆ ಹೂಡಿದವರು ಆ ಬೀದಿಯ ನಿವಾಸಿಗಳೇ. ತಾವೇ ರಿಪೇರಿ ಮಾಡಿಕೊಳ್ಳುವುದು ಅಥವಾ ಸುಮ್ಮನಿರುವುದು ಎಂಬ ಎರಡೇ ದಾರಿ ಇದೆಯೆಂದು ಅವರು ಭಾವಿಸಲಿಲ್ಲ. ಕರ್ನಾಟಕ ಹೈಕೋರ್ಟ್ 2019ರಲ್ಲಿ, ಬೆಂಗಳೂರಿನ ರಸ್ತೆ ಗುಂಡಿಗಳಿಂದ ಗಾಯಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದು ಆದೇಶಿಸಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಈ ಮಾತಿಗೆ ಹಿನ್ನೆಲೆ ಬೇಕಿದ್ದರೆ ಕೇಂದ್ರ ಸರಕಾರದ್ದೇ ಲೆಕ್ಕವಿದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯ ಪೈಕಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಫುಟ್‌ಪಾತ್ ಎಂದ ಕೂಡಲೇ ತಳ್ಳುಗಾಡಿಯವನ ಮೇಲೆ ಲಾಠಿ ಬೀಳುವುದನ್ನು ನಾವು ನೋಡುತ್ತಾ ಬಂದಿದ್ದೇವೆ. ತರಕಾರಿ ಬುಟ್ಟಿಯ ಹೆಂಗಸು, ಬಾಳೆಹಣ್ಣಿನ ಗಾಡಿಯ ಹುಡುಗ ಸಂಜೆಗೆ ಎದ್ದು ಹೋಗುವವರು. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ. ಎದ್ದು ಹೋಗದೆ ಇರುವುದು ಕಾಂಕ್ರೀಟಿನ ಮೆಟ್ಟಿಲು. ಆದರೆ ಮೆಟ್ಟಿಲಿನವನು ಕಂದಾಯದ ರಶೀದಿ ತೋರಿಸುತ್ತಾನೆ, ಗಾಡಿಯವನಲ್ಲಿ ರಶೀದಿಯಿಲ್ಲ.

ಬೆಂಗಳೂರು - ಮೈಸೂರು ಹೆದ್ದಾರಿಯ ವಿಷಯವನ್ನೂ ಇಲ್ಲಿ ಸೇರಿಸಬೇಕು. ಹಳೆಯ ರಸ್ತೆ ರಾಮನಗರ, ಚನ್ನಪಟ್ಟಣಗಳ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತಿತ್ತು. ಅದನ್ನು ಅಗಲ ಮಾಡಿದಾಗ ಜಗಲಿಗಳು ಹೋದವು, ಮರಗಳು ಹೋದವು, ನಡೆಯುವವನ ಪಾಲಿಗೆ ಉಳಿದದ್ದು ಚರಂಡಿಯ ಮೇಲಿನ ಮುಚ್ಚಳ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಗಿ ದೂರ ಹೋಗುವ ವಾಹನಗಳು ಊರಿನ ಹೊರಗಿನಿಂದ ಹೋಗತೊಡಗಿದವು. ದಾರಿಬದಿಯ ವ್ಯಾಪಾರ ಕುಸಿಯಿತೆಂದು ಗೊಂಬೆ ಅಂಗಡಿಯವರು ಗೋಳಾಡಿದರು, ಅದು ನ್ಯಾಯವಾದ ಗೋಳು. ಆದರೆ ಅದರೊಂದಿಗೆ ಒಂದು ಅವಕಾಶವೂ ಬಂತು. ದೂರದೂರಿನ ಬಸ್ಸು, ಲಾರಿಗಳಿಗಾಗಿ ಅಗಲ ಮಾಡಿದ ರಸ್ತೆಯಲ್ಲಿ ಈಗ ನಡೆಯುವವನಿಗೆ ಜಾಗವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಕೇಳುವುದು ಕನಿಷ್ಠ 1.8 ಮೀಟರ್, ಅಂದರೆ ಆರು ಅಡಿ. ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟುವಷ್ಟು. ಗೊಂಬೆ ಕೊಳ್ಳಲು ಬಂದವರು ಕಾರಿನಿಂದಿಳಿದು ನಾಲ್ಕು ಅಂಗಡಿ ನಡೆದಾಡುವಂತಾದರೆ ನಷ್ಟ ಯಾರಿಗೆ?

ಕಲ್ಲಿಗೂ ಬರವಿಲ್ಲ. ಮೈಸೂರಿನ ಭೂವಿಜ್ಞಾನಿಗಳು 20ನೇ ಶತಮಾನದ ಆರಂಭದಲ್ಲಿ ಈ ಸೀಮೆಯ ಬಂಡೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟರು. ಊರಿನ ಹಳೆಯ ಹೆಸರು ಜನರ ಬಾಯಿಂದ ಮರೆಯಾಗಿ ಬಂಡೆಯಲ್ಲಿ ಉಳಿಯಿತು. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಯ ಪಟ್ಟಿ ದಕ್ಷಿಣದಿಂದ ಬಳ್ಳಾರಿ ಕಡೆಗೆ ನೂರಾರು ಕಿಲೋಮೀಟರ್ ಹಬ್ಬಿದೆ. ಕನಕಪುರ, ಮಾಗಡಿಗಳ ಕ್ವಾರಿಗಳಿಂದ ಸೀಳಿದ ಕಲ್ಲು ಲಾರಿ ಹತ್ತಿ ಪಟ್ಟಣಗಳಿಗೆ ಹೋಗುತ್ತಲೇ ಇದೆ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಮೋರಿಯ ಮೇಲಿನ ಚಪ್ಪಡಿಗಳ ಮೇಲೆ ನಡೆದವರು ಈ ಬಗೆಯ ಕಲ್ಲಿನ ಗಟ್ಟಿತನವನ್ನು ಬಲ್ಲರು.

ನಮ್ಮ ಹಿರಿಯರು ಬಿದ್ದ ಜಾಗಕ್ಕೆ ಕೊನೆಗೂ ಚಪ್ಪಡಿ ಬಂತು. ಪುರಸಭೆ ಹಾಕಲಿಲ್ಲ, ಅಂಗಡಿಯವರೂ ಹಾಕಲಿಲ್ಲ. ಬೀದಿಯ ಹತ್ತು ಹನ್ನೆರಡು ಮನೆಯವರು ಸೇರಿ ದುಡ್ಡು ಹಾಕಿದರು. ಅದರಲ್ಲಿ ಇಬ್ಬರು ನೂಲು ತೆಗೆಯುವವರು, ಒಬ್ಬರು ಬಾಡಿಗೆದಾರರು. ಅನುಕೂಲವಿದ್ದವರು ಕೊಟ್ಟದ್ದು ಕಡಿಮೆ ಎಂಬುದನ್ನು ದಾಖಲಿಸದೆ ಇರಲಾರೆವು. ಅದೇ ದುಡ್ಡಿನಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಹಾಕಿದ ಕಲ್ಲಿನ ಅಳತೆ, ಬೆಲೆ, ತಾರೀಕು ಬರೆದು, ಇದು ನಿಮ್ಮ ಕೆಲಸ, ನಾವು ಮಾಡಿದ್ದೇವೆ, ನಮ್ಮ ಕಂದಾಯದಲ್ಲಿ ವಜಾ ಮಾಡಿ ಎಂದು ಕಚೇರಿಗೆ ಅರ್ಜಿ ಕೊಟ್ಟು, ಮುದ್ರೆ ಬಿದ್ದ ಸ್ವೀಕೃತಿ ಪಡೆದುಕೊಂಡರು. ಈ ಲೇಖನ ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.